ಚೀಟಿ ಕಳಚಿದ ನಾಲ್ಕು ಶೀಶೆಗಳು

ವಿಜ್ಞಾನದ ಟೀಚರನ್ನು ನಾನು ಮೊದಲು ನೋಡಿದ ದಿನ ಶಾಲೆಯ ಆಯಾ ಕೆಲಸ ನನ್ನ ಕೈತಪ್ಪುವುದರಲ್ಲಿತ್ತು. ಅವರು ಶಾಲೆಗೆ ಬಂದು ಗಂಟೆಯೂ ಆಗಿರಲಿಲ್ಲ. ಹೊಸಬರು ಬರುತ್ತಾರೆಂದು ಪ್ರಯೋಗಶಾಲೆಯ ಶೀಶೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಉಜ್ಜಿದ್ದೆ. ಮುಚ್ಚಳ ಬಿಗಿಯಿತ್ತು, ಒಳಗೆ ಹನಿಯೂ ಇಳಿದಿರಲಿಲ್ಲ. ಆದರೆ ಹೊರಗಿನ ಚೀಟಿಗಳೆಲ್ಲ ಕಳಚಿ ಬಕೆಟ್ಟಿನಲ್ಲಿ ತೇಲುತ್ತಿದ್ದವು. ಆಗ ನನಗೆ ಅಕ್ಷರ ಬಾರದು. ಕೊಳೆ ಹಿಡಿದ ಕಾಗದವೆಂದೇ ತಿಳಿದಿದ್ದೆ. ನಾಲ್ಕು ಶೀಶೆ, ನಾಲ್ಕರಲ್ಲೂ ಬಿಳಿ ಪುಡಿ.

ಹೆಡ್‌ಮಾಸ್ಟರು ಕೆಂಡವಾದರು. “ಓದು ಬರದವರ ಕೈಗೆ ಕೊಟ್ರೆ ಇನ್ನೇನಾಗತ್ತೆ? ಪುಡೀನ ಚರಂಡಿಗೆ ಸುರೀರಿ. ನಾಳೆಯಿಂದ ಈಕೆ ಬರೋದು ಬೇಡ.”

ಟೀಚರು ಸುಣ್ಣದ ಗೂಡಿನಲ್ಲಿ ದುಡಿದವನ ಮಗಳು. ಬಲಗೈ ಮೇಲೆ ಹಳೆಯ ಸುಟ್ಟ ಕಲೆಯಿತ್ತು. ರವಿಕೆಯ ತೋಳನ್ನು ಮೇಲಕ್ಕೆ ಮಡಚಿದರು.

“ಚೀಟಿ ಹೋಗಿದೆ ಸಾರ್, ಗುಣ ಹೋಗಿಲ್ಲ. ನಾಲ್ಕು ಹೆಸರೂ ಈ ಬಕೆಟ್ಟಲ್ಲೇ ಇವೆ. ಮುಂದಿನ ಬೆಲ್ ಒಳಗೆ ಯಾವುದು ಏನು ಅಂತ ಮಕ್ಕಳೇ ಹೇಳ್ತಾರೆ. ಹೇಳದಿದ್ರೆ ಈ ಅಕ್ಕನ ಜೊತೆ ನಾನೂ ಹೋಗ್ತೀನಿ.”

“ಬಂದ ದಿನಾನೇ ಹೋಗೋ ಮಾತಾ?”

“ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ, ಅನುಕೂಲವೇ ಆಯ್ತು.”

ಹೆಡ್‌ಮಾಸ್ಟರು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತರು.

“ನೆಕ್ಕಿ ನೋಡಿದ್ರೆ ಸಾಕಲ್ಲ ಟೀಚರ್?” ಎಂದಳು ಮುಂದಿನ ಬೆಂಚಿನ ಹುಡುಗಿ.

“ಈ ಕೋಣೇಲಿ ನಾಲಿಗೆಗೆ ಮಾತಾಡೋ ಕೆಲಸ ಮಾತ್ರ.”

ನಾಲ್ಕು ಲೋಟದ ನೀರಿಗೆ ಒಂದೊಂದು ಶೀಶೆಯಿಂದ ಚಿಟಿಕೆ ಪುಡಿ ಬಿತ್ತು. ಮೂರು ಕರಗಿದವು, ಒಂದು ತಳದಲ್ಲಿ ಕುಳಿತಿತು. “ಇದು ನಮ್ಮಪ್ಪ ಒಡೀತಿದ್ದ ಸುಣ್ಣದಕಲ್ಲು,” ಎಂದರು ಟೀಚರು. “ಕರಗೋದು, ಕರಗದಿರೋದು ಭೌತಿಕ ಗುಣ. ನೀರು ಆರಿಸಿದ್ರೆ ಅದೇ ಪುಡಿ ವಾಪಸ್ ಸಿಗತ್ತೆ.” ಉಳಿದ ಮೂರಕ್ಕೂ ವಿನೆಗರ್ ಹನಿಸಿದಾಗ ಒಂದು ಬುಸ್ಸೆಂದು ನೊರೆಯುಕ್ಕಿಸಿತು: ಅಡುಗೆ ಸೋಡಾ. “ಈಗ ಅದು ಬೇರೆಯೇ ವಸ್ತು ಆಗ್ತಿದೆ. ಹಾಗೆ ಬೇರೆ ಆಗೋದು ರಾಸಾಯನಿಕ ಗುಣ.”

ಉಳಿದವು ಎರಡು. ಟೀಚರು ಚಮಚಗಳನ್ನು ನನ್ನ ಎರಡೂ ಕೈಗೆ ಕೊಟ್ಟು, ಉರಿಯ ಮೇಲೆ ಹಿಡಿಯಲು ಹೇಳಿದರು.

“ಹೊತ್ತಾಯ್ತು. ಬೆಲ್ ಎಲ್ಲಿ?” ಎಂದರು ಹೆಡ್‌ಮಾಸ್ಟರು.

“ಬೆಲ್ ಹೊಡೆಯೋರ ಕೈ ಖಾಲಿ ಇಲ್ಲ ಸಾರ್.”

ಬೆಲ್ ಹೊಡೆಯುವವಳೂ ನಾನೇ. ನಾನು ಕದಲಲಿಲ್ಲ. ಎಡಗೈಯ ಪುಡಿ ಚಟಪಟ ಎಂದು ಬೆಳ್ಳಗೇ ಉಳಿಯಿತು. ಬಲಗೈಯದು ಕರಗಿ, ಕಂದಾಗಿ, ಕರಿಯಾಯಿತು. “ಉಪ್ಪು, ಸಕ್ಕರೆ,” ಎಂದು ಇಡೀ ತರಗತಿ ಕೂಗಿತು. ಹೆಡ್‌ಮಾಸ್ಟರು ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋದರು. ಆಮೇಲೆ ಹೋಗಿ ಬೆಲ್ ಹೊಡೆದೆ.

ಟೀಚರು ಹದಿಮೂರು ವರ್ಷ ಅಲ್ಲಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಆ ಶೀಶೆಗಳ ಹೆಸರಿನಿಂದಲೇ ನನಗೆ ಅಕ್ಷರ ಕಲಿಸಿದರು. ಹೊರಡುವ ದಿನ ನಾಲ್ಕರ ಹಳೆಯ ಚೀಟಿಗಳನ್ನೂ ತಾವೇ ನೆನೆಸಿ ಕಿತ್ತು, ಪೆನ್ನನ್ನು ನನ್ನ ಮುಂದಿಟ್ಟರು.

“ಅಕ್ಕ, ಈ ಸಲ ನೀವೇ ಬರೀತೀರಾ?”