ಎರಡು ಬಾಟಲಿ ಉಪ್ಪುನೀರು

ನಮ್ಮ ಬಡಾವಣೆಗೆ ಬರುತ್ತಿದ್ದ ದನದ ಡಾಕ್ಟರ ಎಡಗೈ ಬಲಗೈಗಿಂತ ಬೆಳ್ಳಗಿತ್ತು. ಹಸುಗಳ ಹೊಟ್ಟೆಯೊಳಗೆ ಭುಜದವರೆಗೂ ಹೋಗಿಬರುವ ಕೈ ಅದು. ದಿನಕ್ಕೆ ಹತ್ತು ಸಲ ಸೋಪು ಕಾಣುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಹಸುವನ್ನು "ಏನಮ್ಮಣ್ಣಿ, ಎಂಗಿದ್ದೀರಿ?" ಎಂದು ಬಹುವಚನದಲ್ಲಿ ವಿಚಾರಿಸಿ, ಆಮೇಲೆ ಯಜಮಾನರನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದರು.

ತೊಂಬತ್ತರ ದಶಕದ ಮಾತು. ವಿದ್ಯಾರಣ್ಯಪುರಂನಲ್ಲಿ ನಮ್ಮ ಎದುರುಮನೆಯ ಅಜ್ಜಿ ಎರಡು ಹಸು ಸಾಕಿ ಬೀದಿಗೆಲ್ಲ ಹಾಲು ಹಾಕುತ್ತಿದ್ದರು. ಕರು ಹಾಕಿ ವಾರವಾಗಿದ್ದ ಒಂದಕ್ಕೆ ಕೆಚ್ಚಲು ಬಾವು ಬಂದು, ಭಾನುವಾರ ಬೆಳಿಗ್ಗೆ ಅದು ನೆಲ ಹಿಡಿಯಿತು. ಕಿವಿ ತಣ್ಣಗಾಗಿ, ಕಣ್ಣು ಗುಳಿಬಿದ್ದಿತ್ತು. ಅದೇ ಹೊತ್ತಿಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದು ನಮ್ಮ ನಡುಮನೆಯಲ್ಲಿ ಕೂತಿದ್ದರು. ನಾನು ಪಿಯುಸಿ ಮುಗಿಸಿದ್ದೆ. ಮುಂದೆ ಓದುತ್ತೇನೆಂದರೆ ಅಪ್ಪನಿಗೆ ಕೇಳಿಸುತ್ತಿರಲಿಲ್ಲ.

ತಲೆ ತಗ್ಗಿಸಿ ಕೂತಿದ್ದರೂ ಕಿಟಕಿಯಿಂದ ನನಗೆ ಅಜ್ಜಿಯ ಕೊಟ್ಟಿಗೆ ಕಾಣುತ್ತಿತ್ತು. ಡಾಕ್ಟರು ಹಸುವಿನ ಕುತ್ತಿಗೆಗೆ ಸೂಜಿ ಹಾಕಿ ಎರಡು ಬಾಟಲಿ ಗಟ್ಟಿ ಉಪ್ಪುನೀರನ್ನು ಹತ್ತೇ ನಿಮಿಷದಲ್ಲಿ ಇಳಿಸಿಬಿಟ್ಟರು. ಆಮೇಲೆ ಬೀದಿ ದಾಟಿ, ಸಗಣಿ ಮೆತ್ತಿದ ಗಂಬೂಟಿನಲ್ಲಿ ಸೀದಾ ನಮ್ಮ ನಡುಮನೆಗೇ ಬಂದು ಹಸುವಿಗೆ ಕುಡಿಯಲು ನೀರು ಕೇಳಿದರು. ಅವತ್ತು ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಅಮ್ಮ ನೆಂಟರಿಗೆಂದು ಡ್ರಮ್ಮು ತುಂಬಿಸಿಟ್ಟ ವಿಷಯ ಅಜ್ಜಿಗೆ ಗೊತ್ತಿತ್ತು. ಬಂದವರ ಕಾಫಿ ಆಗುವವರೆಗಾದರೂ ತಡೆಯಿರಿ ಎಂದು ಅಪ್ಪ ಗೋಗರೆದರು.

"ಇವರು ಕಾಫಿ ಆಮೇಲೂ ಕುಡೀಬೌದು ಕಣಯ್ಯ," ಎಂದರು ಡಾಕ್ಟರು. "ಹಸು ಈಗ್ಲೇ ಕುಡೀಬೇಕು."

ಗಂಡು ಕರವಸ್ತ್ರವನ್ನು ಮೂಗಿಗೊತ್ತಿಕೊಂಡ. ನಾನು ಸೆರಗು ಸಿಕ್ಕಿಸಿ ಬಕೆಟ್ ಎತ್ತಿದೆ.

ಹಸು ಮಲಗಿದ್ದಲ್ಲೇ ಮೂತಿ ಅದ್ದಿತು. ಮೊದಲನೆಯ ಬಕೆಟ್ ತಳ ಕಂಡಿತು, ಎರಡನೆಯದೂ ಕಂಡಿತು. ನಾಲ್ಕನೆಯದಕ್ಕೆ ಅಮ್ಮ ಡ್ರಮ್ಮಿಗೆ ಅಡ್ಡ ನಿಂತಳು. ಸೂಜಿಯಲ್ಲಿ ಉಪ್ಪುನೀರು ಇಳಿಸಿ ಮತ್ತೆ ಬಾಯಿಗೂ ನೀರು ಕುಡಿಸುವುದೇಕೆ ಎಂದು ನಾನು ಕೇಳಿದೆ. ಡಾಕ್ಟರು ಹಸುವಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಪಾಠ ಶುರುಮಾಡಿದರು.

"ರಕ್ತಕ್ಕೆ ಉಪ್ಪು ಹೋದ್ರೆ ಮೈಯಲ್ಲಿರೋ ನೀರೆಲ್ಲ ಅಲ್ಲಿಗೆ ಓಡ್ಬರುತ್ತೆ. ರಕ್ತದ ಓಡಾಟ ಚುರುಕಾಗುತ್ತೆ. ಆದ್ರೆ ಬಾಯಿಗೆ ನೀರು ಕೊಡದಿದ್ರೆ ಮೈ ಒಣಗ್ಬುಡುತ್ತೆ ಕಣಮ್ಮ. ಕಿವಿ ಮುಟ್ಟಿ ನೋಡು."

ಮುಟ್ಟಿದೆ. ಬೆಚ್ಚಗಾಗುತ್ತಿತ್ತು. ಹಾಗಾದರೆ ಉಪ್ಪನ್ನೂ ಬಾಯಿಗೇ ಹಾಕಬಹುದಿತ್ತಲ್ಲ ಎಂದೆ. ಅದು ರಕ್ತಕ್ಕೆ ಸೇರುವಷ್ಟು ಹೊತ್ತು ಹಸು ಕಾಯುತ್ತಿರಲಿಲ್ಲ ಎಂದು ಹೇಳಿ, ಅವರು ನನ್ನನ್ನೇ ಒಂದು ಕ್ಷಣ ನೋಡಿದರು.

ಗಂಡಿನ ಕಡೆಯವರು ಕಾಫಿಯಿಲ್ಲದೆ ಎದ್ದುಹೋದರು. ಹಸು ಮಧ್ಯಾಹ್ನಕ್ಕೆ ಎದ್ದು ನಿಂತಿತು. ಸಂಜೆ ಡಾಕ್ಟರು ಮತ್ತೆ ನಮ್ಮ ಮನೆಗೆ ಬಂದಾಗ, ಕ್ಷಮೆ ಕೇಳಲು ಬಂದರೆಂದು ಅಪ್ಪ ಮುಖ ಗಂಟಿಕ್ಕಿಕೊಂಡು ಕುರ್ಚಿ ಹಾಕಿದರು.

"ಇವಳನ್ನ ದನದ ಡಾಕ್ಟರಿಕೆಗೆ ಸೇರಿಸಯ್ಯ. ಗಂಡು ಎಲ್ಲೂ ಓಡೋಗಲ್ಲ."

"ಆಗ್ಲೇ ಓಡೋಯ್ತಲ್ಲ ಸಾರ್," ಎಂದರು ಅಪ್ಪ.

ಅಜ್ಜಿಯ ಹಸು ನೋಡುವ ನೆಪದಲ್ಲಿ ಡಾಕ್ಟರು ತಿಂಗಳುಗಟ್ಟಲೆ ಬಂದರು. ಹಸುವಿಗೆ ಪೂರ್ತಿ ವಾಸಿಯಾಗಿತ್ತು, ವಾಸಿಯಾಗಬೇಕಾದವರು ಅಪ್ಪ. ಕೊನೆಗೆ ಬೇಸತ್ತು ಅಪ್ಪನೇ ಅರ್ಜಿ ಫಾರಂ ತಂದರು. ನಾನು ದನದ ಡಾಕ್ಟರಾದೆ.

ಹತ್ತು ಹನ್ನೆರಡು ವರ್ಷದ ನಂತರ, ನಿವೃತ್ತರಾಗಿ ಸಿದ್ಧಾರ್ಥನಗರದಲ್ಲಿದ್ದ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕಡಕೊಳದ ಒಂದು ಕೊಟ್ಟಿಗೆಯಲ್ಲಿದ್ದೆ. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡಲಾಗಿತ್ತು, ಬಿಟ್ಟು ಬರುವಂತಿರಲಿಲ್ಲ. ಅಳುತ್ತಲೇ ಕರು ತಿರುಗಿಸಿ ಎಳೆದೆ. ಅವರ ಮನೆ ತಲುಪುವಷ್ಟರಲ್ಲಿ ಎಲ್ಲ ಮುಗಿದು, ಸುಡುಗಾಡಿಗೆ ಹೋದವರು ವಾಪಸು ಬಂದಿದ್ದರು. ಕೊನೇ ಸಲ ಮುಖವನ್ನೂ ನೋಡಲಾಗಲಿಲ್ಲವೆಂದು ಅವರ ಹೆಂಡತಿಯ ಎದುರು ಕೈಮುಗಿದು ನಿಂತೆ.

ಅವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಇರ್ಲಿ ಬುಡಮ್ಮ. ನಮ್ಮ ಮದುವೇಲಿ ಅವರೂ ಧಾರೆಗೆ ತಡವಾಗೇ ಬಂದಿದ್ದು. ಯಾರದೋ ಎಮ್ಮೆ ಈಯ್ತಿತ್ತಂತೆ."