ಹತ್ತಕ್ಕೆ ನಾಲ್ಕು

ಕಂಪ್ಯೂಟರ್ ಸೈನ್ಸ್ ಡಿಗ್ರಿ ಹುಡುಗರಿಗೆ ಪಾಠ ಹೇಳುವವಳು ನಾನು. ಪಾಠ ಹೇಳುವುದು ಅಂದೆನೆ? ಎಕ್ಸೆಲ್ ಹಾಳೆ ತುಂಬುವವಳು ಅನ್ನಬೇಕಿತ್ತು. ಪ್ರತಿ ವಿಷಯಕ್ಕೂ ಕಲಿಕೆಯ ಗುರಿಗಳು ಅಂತ ಬರೆದಿಡಬೇಕು. ಇಂಟರ್ನಲ್ಸ್ ಪರೀಕ್ಷೆಯ ಒಂದೊಂದು ಪ್ರಶ್ನೆಯನ್ನೂ ಒಂದೊಂದು ಗುರಿಗೆ ಗಂಟು ಹಾಕಬೇಕು. ಆ ಪ್ರಶ್ನೆಗೆ ಉತ್ತರ ಬರೆದವರಲ್ಲಿ ಎಷ್ಟು ಪಾಲು ಜನಕ್ಕೆ ಹತ್ತಕ್ಕೆ ಆರು ಬಂತು ಅಂತ ನೋಡಿ, ಗುರಿ ಮುಟ್ಟಿತೋ ಇಲ್ಲವೋ ಹೇಳಬೇಕು. ಬರೆದವರಲ್ಲಿ, ನೆನಪಿಡಿ. ಬರೆಯದೆ ಬಿಟ್ಟವರು ಲೆಕ್ಕಕ್ಕೇ ಇಲ್ಲ.

ನಮ್ಮ ಡೇಟಾ ಸ್ಟ್ರಕ್ಚರ್ಸ್ ವಿಷಯದ ಕೊನೆಯ ಗುರಿ: ವಿದ್ಯಾರ್ಥಿಯು ಹಿಂದೆ ಕಾಣದ ಸಮಸ್ಯೆಗೆ ತಾನೇ ಪರಿಹಾರ ರೂಪಿಸಬೇಕು. ಕೇಳೋಕೆ ಎಷ್ಟು ಚೆಂದ! ಆದರೆ ಹಿಂದೆ ಕಾಣದ ಸಮಸ್ಯೆಯನ್ನು ಕೊಡುವ ಪುಣ್ಯಾತ್ಮರು ಯಾರೂ ಇಲ್ಲ. ಪ್ರಶ್ನೆ ಬ್ಯಾಂಕ್, ಅಂದರೆ ನಾವು ಪ್ರಶ್ನೆ ಆರಿಸುವ ಪಟ್ಟಿ, ಪರೀಕ್ಷೆಗೆ ಮೊದಲೇ ಹುಡುಗರ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಕಳೆದ ವರ್ಷ ನನಗೆ ರೇಗಿಹೋಯಿತು. ಬ್ಯಾಂಕಿನಲ್ಲಿಲ್ಲದ ಒಂದು ಪ್ರಶ್ನೆ ಹಾಕಿಯೇಬಿಟ್ಟೆ. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಜನ ಕೂತಿದ್ದಾರೆ, ನಡುವೆ ಎದೆನೋವಿನವರು ಬರುತ್ತಾರೆ, ಸರದಿಯನ್ನು ಹೇಗೆ ನಡೆಸುತ್ತೀರಿ? ಇಷ್ಟೇ. ವಿಭಾಗದ ಮುಖ್ಯಸ್ಥರು ಒಪ್ಪಬೇಕಲ್ಲ, ಅದಕ್ಕೆ 'ಅಥವಾ' ಅಂತ ಹಾಕಿ ಕೆಳಗೊಂದು ಬಾಯಿಪಾಠದ ಪ್ರಶ್ನೆಯನ್ನೂ ಇಟ್ಟೆ. ಆಸ್ಪತ್ರೆಯದನ್ನು ಕೊನೆಯ ಗುರಿಗೆ, ಬಾಯಿಪಾಠದ್ದನ್ನು ಬೇರೊಂದು ಗುರಿಗೆ ಗಂಟು ಹಾಕಿದೆ.

ಇಡೀ ತರಗತಿ ಬಾಯಿಪಾಠದ ಕಡೆಗೇ ವಾಲಿತು. ಆಸ್ಪತ್ರೆಯ ಪ್ರಶ್ನೆಗೆ ಕೈ ಹಾಕಿದವಳು ಒಬ್ಬಳೇ, ಹಿಂದಿನ ಬೆಂಚಿನ ಒಂದು ಮಾತಿಲ್ಲದ ಹುಡುಗಿ. ಎರಡು ಸರದಿ ಮಾಡಿದ್ದಳು, ಒಂದು ತುರ್ತಿನವರಿಗೆ, ಒಂದು ಉಳಿದವರಿಗೆ. ಅರ್ಧ ಪುಟ ಕೋಡ್ ಬರೆದು ನಿಂತುಬಿಟ್ಟಿದ್ದಳು. ಕೆಳಗೆ ಪೆನ್ಸಿಲ್‌ನಲ್ಲಿ, 'ತುರ್ತಿನವರು ಬರುತ್ತಲೇ ಇದ್ದರೆ ಮಿಕ್ಕವರನ್ನು ಯಾವಾಗ ಕರೆಯುವುದು?' ಅಂತ ಕೇಳಿದ್ದಳು. ಲಕ್ಷ್ಮೀಪುರಂನ ನಮ್ಮ ಮನೆಯ ಊಟದ ಮೇಜಿನ ಮೇಲೆ ಪೇಪರ್ ತಿದ್ದುತ್ತಿದ್ದವಳಿಗೆ ಸಂತೋಷಕ್ಕೆ ಕಣ್ಣು ತುಂಬಿತು. ಎಷ್ಟು ವರ್ಷದ ಮೇಲೆ ಒಂದು ಮಗು ಉತ್ತರಪತ್ರಿಕೆಯಲ್ಲಿ ಯೋಚನೆ ಮಾಡಿತ್ತು! ಉತ್ತರ ಮುಗಿದಿರಲಿಲ್ಲ, ನಾಲ್ಕು ಹಾಕಿದೆ. ಉಳಿದ ಆರನ್ನು ಅವಳ ಜೊತೆ ಕೂತು ಹುಡುಕಬೇಕು ಅಂದುಕೊಂಡೆ.

ಎಕ್ಸೆಲ್ ಹಾಳೆ ಬೇರೆಯದನ್ನೇ ಹೇಳಿತು. ಬರೆದವಳು ಒಬ್ಬಳು, ಅವಳಿಗೆ ಆರು ಬಂದಿಲ್ಲ, ಆದ್ದರಿಂದ ಕೊನೆಯ ಗುರಿ ಶೇಕಡಾ ಸೊನ್ನೆ. ಮುಖ್ಯಸ್ಥರು ಕರೆಸಿದರು.

"ಇನ್ನೆರಡು ಮಾರ್ಕ್ಸ್ ಹಾಕ್ಬುಡಿ ಮೇಡಂ. ಸೊನ್ನೆ ಹೋಗಿ ನೂರಕ್ಕೆ ನೂರಾಗುತ್ತೆ. ನಿಮ್ ಗಂಟೇನು ಹೋಗುತ್ತೆ?"

"ಸಾರ್, ಅವಳಿಗೆ ಬಂದಿರೋದು ನಾಲ್ಕು. ನೂರಕ್ಕೆ ನೂರು ಅಂದ್ರೆ ಯಾರಿಗೆ ಟೋಪಿ ಹಾಕಿದ ಹಾಗೆ?"

"ಹಾಗಾದ್ರೆ ಆಮೇಲೆ ನನ್ನ ಕೇಳ್ಬೇಡಿ," ಅಂದರು. ಕೆಟ್ಟ ಮನುಷ್ಯರಲ್ಲ, ಅವರ ತಲೆಯ ಮೇಲೂ ಯಾರೋ ಕೂತಿದ್ದರು.

ಆಮೇಲಿನದು ತಾನಾಗಿ ನಡೆಯಿತು. ಯಾವುದಾದರೂ ಒಂದು ಪ್ರಶ್ನೆಗೆ ಆರಕ್ಕಿಂತ ಕಮ್ಮಿ ಬಂದವರೆಲ್ಲ ನಮ್ಮಲ್ಲಿ 'ನಿಧಾನ ಕಲಿಕೆಯವರು'. ಅವರಿಗೆ ಶನಿವಾರ ವಿಶೇಷ ತರಗತಿ, ಮನೆಗೊಂದು ಮೆಸೇಜ್. ಕಂಪ್ಯೂಟರ್‌ಗೇನು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವಂಥದು. ಇಡೀ ತರಗತಿಯಲ್ಲಿ ಯೋಚಿಸಿದ ಒಬ್ಬಳೇ ಹುಡುಗಿ ದಡ್ಡರ ಪಟ್ಟಿಗೆ ಸೇರಿದಳು. ನಾನು ಮುಖ್ಯಸ್ಥರ ಹತ್ತಿರ ಹೋಗಿ ಕೂಗಾಡಿದೆ. ಹಾಳೆ ಮೇಲಿನವರಿಗೆ ಹೋಗಿಯಾಗಿತ್ತು.

ಮಾರನೇ ದಿನವೇ ಅವಳ ಅಪ್ಪ ಬಂದರು, ಮಗಳೂ ಪಕ್ಕದಲ್ಲಿ. ಲಷ್ಕರ್ ಮೊಹಲ್ಲಾದ ಪಾತ್ರೆ ಅಂಗಡಿಯಲ್ಲಿ ಕೆಲಸ, ಅರ್ಧ ದಿನ ರಜೆ ಕೇಳಿಕೊಂಡು ಬಂದಿದ್ದರು.

"ಮೇಡಮ್ಮೋರೆ, ಮಗ್ಳು ಹಿಂದೆ ಬಿದ್ದವ್ಳೆ ಅಂತ ಮೆಸೇಜ್ ಬಂತು. ಫೋನು ಗೀನು ನೋಡ್ಕಂಡು ಕೂತ್ಕತಾಳಾ?"

"ಅಯ್ಯೋ, ಇಲ್ಲ ಕಣ್ರೀ! ಕ್ಲಾಸಲ್ಲಿ ಸ್ವಂತ ಬುದ್ಧಿಯಿಂದ ಬರೆದವಳು ಇವಳೊಬ್ಬಳೇ."

ಅವರು ನನ್ನ ಮುಖ ನೋಡಿದರು. "ಅಂಗಾದ್ರೆ ಮಿಕ್ಕೋರ್ಗೆಲ್ಲ ಜಾಸ್ತಿ ಕೊಟ್ಟು ಇವ್ಳಿಗೆ ನಾಕು ಯಾಕವ್ವ?"

ಹೇಳಿದೆ, ಏನೇನೋ ಹೇಳಿದೆ. ನನ್ನ ಮಾತು ನನಗೇ ಅರ್ಥವಾಗಲಿಲ್ಲ. ಅವರು ಮಗಳ ತಲೆ ಸವರಿ ಮೆಲ್ಲಗೆ ಅಂದರು, "ನಾಕ್ ಜನ ಬರ್ದಂಗೆ ಬರ್ಯವ್ವ. ನೀನೊಬ್ಳೇ ಯಾಕೆ ಬ್ಯಾರೆ ದಾರಿ ಹಿಡೀತೀಯ?"

ಶನಿವಾರದ ತರಗತಿ ನನ್ನದೇ. ಉಳಿದವರಿಗೆ ಲೆಕ್ಕ ಕೊಟ್ಟು, ಅವಳ ಪತ್ರಿಕೆ ತೆಗೆದು ಪಕ್ಕದಲ್ಲಿ ಕೂತೆ. "ನೀನು ಕೇಳಿದೀಯಲ್ಲ, ಮಿಕ್ಕವರನ್ನು ಯಾವಾಗ ಕರೆಯೋದು ಅಂತ, ಅದೇ ಸರಿಯಾದ ಪ್ರಶ್ನೆ ಕಣಮ್ಮ. ಬಾ, ಮುಂದಕ್ಕೆ ನೋಡೋಣ."

ಪತ್ರಿಕೆಯನ್ನು ನನ್ನ ಕಡೆಗೇ ಸರಿಸಿದಳು. "ಅದು ಬೇಡ ಮೇಡಂ. ಬ್ಯಾಂಕಲ್ಲಿ ಇರೋದು ಹೇಳ್ಕೊಡಿ."

ಬೇಡಿಕೊಂಡೆ ಅಂತಲೇ ಇಟ್ಟುಕೊಳ್ಳಿ. ಅವಳ ಕಣ್ಣಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬ್ಯಾಂಕಿನ ಪ್ರಶ್ನೆಯನ್ನೇ ಹೇಳಿಕೊಟ್ಟೆ.

ಮುಂದಿನ ಇಂಟರ್ನಲ್ಸ್‌ನಲ್ಲೂ ಹಟಕ್ಕೆ ಬಿದ್ದು ಹೊಸದೊಂದು ಪ್ರಶ್ನೆ ಹಾಕಿದೆ. ಯಾರೂ ಮುಟ್ಟಲಿಲ್ಲ. ಯಾರೂ ಬರೆಯದ್ದರಿಂದ ಅದು ಲೆಕ್ಕಕ್ಕೇ ಬರಲಿಲ್ಲ, ಹಾಳೆಯಲ್ಲಿ ಸೊನ್ನೆಯೂ ಕಾಣಲಿಲ್ಲ. "ಈ ಸಲ ಚೆನ್ನಾಗಿ ಮಾಡಿದೀರಿ ಮೇಡಂ," ಅಂದರು ಮುಖ್ಯಸ್ಥರು. ಅವಳ ಪತ್ರಿಕೆಯನ್ನು ಕೊನೆಗೆ ಎತ್ತಿಕೊಂಡೆ. ದುಂಡನೆ ಅಕ್ಷರ, ಅಚ್ಚಿನಂತೆ ಬಾಯಿಪಾಠ, ಪೆನ್ಸಿಲ್‌ನ ಗೀಟು ಒಂದೂ ಇಲ್ಲ. ಎರಡು ಸಲ ಓದಿದೆ, ಎಲ್ಲಾದರೂ ಒಂದು ತಪ್ಪು ಸಿಗಲಿ ಅಂತ. ಸಿಗಲಿಲ್ಲ. ಹತ್ತಕ್ಕೆ ಹತ್ತು ಹಾಕಿದೆ.