ತುಳಸಮ್ಮನ ಮಡಿಲಿಗೆ ಬಂದ ಕೈಗಳು

ಚಾಮರಾಜಪೇಟೆಯ ಮೇಲೆ ಸಂಕ್ರಾಂತಿಯ ಮಂಜು ಇನ್ನೂ ಮಲಗಿದೆ. ಜಗಲಿಯಲ್ಲಿ ಗಾಜಿನ ಬಳೆ ಹರಡಿಕೊಂಡು ಕೂತ ತುಳಸಮ್ಮ, ಹೂ ಕಟ್ಟಿ ಮಾರುವ ಅಕ್ಕಯಮ್ಮನ ಬಲಗೈಯನ್ನು ಮಡಿಲಿಗೆಳೆದುಕೊಂಡು ಕಣ್ಣು ಮುಚ್ಚುತ್ತಾರೆ. ಬಳೆ ತೊಡಿಸುವಾಗ ಅವರು ಕಣ್ಣು ಬಿಡುವುದೇ ಇಲ್ಲ. ಹಿಂದೆ ತೊಡಿಸಿದ ಕೈಗಳೆಲ್ಲ ಮುಚ್ಚಿದ ಕಣ್ಣ ಮುಂದೆ ಮಂಜಿನೊಳಗಿಂದ ಬಂದು ಹೋಗುತ್ತವಂತೆ. ಏನೋ ಗುನುಗುತ್ತಾ ಹೆಬ್ಬೆರಳಿನ ಬುಡ ಒತ್ತುವಷ್ಟರಲ್ಲಿ ಬಳೆ ಮಣಿಕಟ್ಟು ಸೇರಿರುತ್ತದೆ. ಇವತ್ತು ಮಾತ್ರ ಗುನುಗು ನಡುವೆಯೇ ನಿಂತುಬಿಡುತ್ತದೆ.

ಪ್ಲೇಗಿನ ವರ್ಷ ದೊಡ್ಡಪೇಟೆಯ ಸಂದಿಮನೆ ಬಿಟ್ಟು ಗಂಟುಮೂಟೆ ಕಟ್ಟಿಕೊಂಡು ಬಂದ ಸಂಸಾರ ತುಳಸಮ್ಮನದು. ಹಬ್ಬ ಬಂತೆಂದರೆ ದಿನಕ್ಕೆ ಮೂವತ್ತು ನಲವತ್ತು ಹೆಂಗಸರು ಬರುತ್ತಾರೆ. ತುಳಸಮ್ಮ ತೊಡಿಸಿದರೆ ನೋವೇ ಇಲ್ಲ ಎಂಬ ಹೆಸರು ಬಸವನಗುಡಿಯವರೆಗೂ ಹಬ್ಬಿದೆ. ಅಯ್ಯೋ, ಆ ಹೆಸರೇ ಅವರ ಕಣ್ಣು ಕಟ್ಟಿತ್ತು!

ಸೊಪ್ಪಿನ ತೋಟದ ದ್ರೌಪದಮ್ಮನ ಬಲಗೈಗೆ ಹಬ್ಬದಿಂದ ಹಬ್ಬಕ್ಕೆ ಇನ್ನಷ್ಟು ಚಿಕ್ಕ ಬಳೆ ಸಲೀಸಾಗಿ ಏರುತ್ತಿತ್ತು. "ನನ್ ಕೈಚಳಕ ಅಂತ ಬೀಗ್ತಿದ್ದೆ. ಇಬ್ರೂ ನಕ್ಕಿದ್ದೇ ನಕ್ಕಿದ್ದು. ಒಳಗೊಳಗೇ ಅವಳ ಕೈ ಕರಗ್ತಿದೆ ಅಂತ ನಂಗೆಲ್ಲಿ ಗೊತ್ತು?" ಎನ್ನುತ್ತಾರೆ ತುಳಸಮ್ಮ. ಮೊದಲು ಸೊಪ್ಪಿನ ಕಟ್ಟು ಕಟ್ಟಲಾಗಲಿಲ್ಲ, ಆಮೇಲೆ ತುತ್ತು ಎತ್ತಲಾಗಲಿಲ್ಲ, ಕೊನೆಗೆ ನುಂಗಲೂ ಆಗದೆ ದ್ರೌಪದಮ್ಮ ತೀರಿಕೊಂಡರು. ಇಂದಿಗೂ ಕಣ್ಣು ಮುಚ್ಚಿದರೆ ಆ ಕೈಯ ಕೊತ್ತಂಬರಿ ವಾಸನೆ ಬರುತ್ತದಂತೆ.

ದ್ರೌಪದಮ್ಮನನ್ನು ಕೊನೆಗಾಲದಲ್ಲಿ ನೋಡಿಕೊಂಡ ಡಾಕ್ಟರ್ ಸರ್ವಮಂಗಳಾ ಈ ಕಾಯಿಲೆಯ ಮೊದಲ ಗುರುತು ಹುಡುಕುತ್ತಿದ್ದಾರೆ. ಮಾಂಸಖಂಡಗಳನ್ನು ಆಡಿಸುವ ನರಗಳೇ ಸೊರಗಿಹೋಗುತ್ತವೆ, ಮದ್ದಿಲ್ಲ. "ರೋಗಿಗಳು ನಮ್ಮ ಹತ್ರ ಬರೋಷ್ಟರಲ್ಲಿ ಹೊತ್ತು ಮೀರಿರುತ್ತೆ. ಶುರುವಿನಲ್ಲೇ ಕಂಡ್ರೆ ತಾನೇ ಇದರ ದಾರಿ ತಿಳಿಯೋದು? ಕೈ ಸೊರಗಿದವರಿಗೆಲ್ಲ ಇದೇ ಕಾಯಿಲೆ ಅಂತಲೂ ಅಲ್ಲ, ವಾಸಿಯಾಗೋವೂ ಇವೆ," ಎನ್ನುತ್ತಾರೆ ಅವರು. ಎರಡೂ ಕೈ ಹೋಲಿಸಿ, ಹೆಬ್ಬೆರಳಿನ ಬುಡ ತಗ್ಗಿದೆಯೇ, ಚರ್ಮದಡಿ ಮಾಂಸ ಅದುರುತ್ತಿದೆಯೇ ಎಂದು ನೋಡುವುದನ್ನು ತುಳಸಮ್ಮನಿಗೆ ಕಲಿಸಿದವರೂ ಅವರೇ.

ಕಲಿತಿದ್ದೇನೋ ಆಯಿತು, ಹೇಳುವುದು ಹೇಗೆ? ಬಳೆ ತೊಡಿಸುವವಳು ಮಂಗಳದ ಹೆಂಗಸು. ರೋಗದ ಮಾತೆತ್ತಿದರೆ ನಾಳೆ ಮದುವೆಮನೆಗೆ ಯಾರು ಕರೆಯುತ್ತಾರೆ? ಈ ಜಗಲಿಯಲ್ಲಿ ಯಾರು ಕೈ ಚಾಚುತ್ತಾರೆ? ಹೊಟ್ಟೆಪಾಡೇ ಹೋದೀತು.

ಅಕ್ಕಯಮ್ಮನ ಹೆಬ್ಬೆರಳಿನ ಬುಡ ಇವತ್ತು ತಗ್ಗಾಗಿ ಸಿಕ್ಕಿದೆ. ತುಳಸಮ್ಮ ಕಣ್ಣು ಬಿಡುತ್ತಾರೆ. "ಅಕ್ಕಯಮ್ಮ, ಡಾಕ್ಟರಮ್ಮಂಗೆ ಒಂದ್ಸಲ ಈ ಕೈ ತೋರಿಸ್ಕೊಂಡು ಬರೋಣ. ನಾನೂ ಬರ್ತೀನಿ."

"ಹಬ್ಬದ ಹೊತ್ತಲ್ಲಿ ಏನ್ ಮಾತಾಡ್ತೀಯ? ಬಳೆ ತೊಡಿಸೋಕೆ ಕೂತಿದೀಯೋ, ಅಪಶಕುನ ನುಡಿಯೋಕೋ?" ಅಕ್ಕಯಮ್ಮ ಸಿಡುಕಿ ಕೈ ಕಿತ್ತುಕೊಂಡು ಮೆಟ್ಟಿಲಿಳಿಯುತ್ತಾರೆ. ಕಾದಿದ್ದ ಹೆಂಗಸರಿಬ್ಬರು ಮೆಲ್ಲಗೆ ಎದ್ದು ಹೋಗುತ್ತಾರೆ. ತುಳಸಮ್ಮನ ಮುಖ ಸಪ್ಪಗಾಗುತ್ತದೆ.

ಬೀದಿಗಿಳಿದ ಅಕ್ಕಯಮ್ಮ ಮಂಜಿನಲ್ಲೇ ನಿಲ್ಲುತ್ತಾರೆ. ತಿರುಗಿ ನೋಡದೆ ಹೇಳುತ್ತಾರೆ: "ಹೂವಿನ ದಾರ ಬೆರಳಿಂದ ಜಾರ್ತಿದೆ ತುಳಸಕ್ಕ. ದೀಪಾವಳಿಯಿಂದ್ಲೂ ಹಿಂಗೇ. ಯಾರಿಗೂ ಹೇಳಿಲ್ಲ."

ತುಳಸಮ್ಮ ಬಳೆಗಳ ಮೇಲೆ ಬಟ್ಟೆ ಮುಚ್ಚಿ ಎದ್ದು, ಅದೇ ಬಲಗೈಯನ್ನು ತಮ್ಮ ಕೈಯೊಳಗೆ ತೆಗೆದುಕೊಳ್ಳುತ್ತಾರೆ. ಇಬ್ಬರೂ ಡಾಕ್ಟರಮ್ಮನ ಮನೆಯತ್ತ ನಡೆಯುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ತುಳಸಮ್ಮ ಅಕ್ಕಯಮ್ಮನ ಕೈ ಬಿಡದೆಯೇ ಹೇಳುತ್ತಾರೆ:

"ನೋವಿಲ್ದಂಗೆ ತೊಡಿಸ್ತಾಳೆ ಅನ್ನೋ ಹೆಸರು ನಂಗೆ ಸಾಕಾಗಿದೆ. ಬಳೆ ಏರೋವಾಗ ಎಲ್ರಿಗೂ ಒಂಚೂರು ಬಿಗಿಯಾಗ್ಲಿ. 'ಅಯ್ಯೋ, ಕೈ ಮುರೀತೀಯಾ!' ಅಂತ ನನ್ನ ಬಾಯ್ತುಂಬ ಬೈಲಿ."